ಖಾಲಿ ಕಂಡಿಕೆ

ಯಾರೋ ಕೈ ಎತ್ತಿದರು, ಕಬ್ಬಿನ ಹೊಲದ ಬದುವಿನಲ್ಲಿ ನಿಂತು, ಐದೂ ಬೆರಳು ಅಗಲಿಸಿ, ತಡಿ ತಡಿ ಎಂದು ಬಸ್ಸಿಗೆ, ಡ್ರೈವರ್ ತಡೆಯಲಿಲ್ಲ, ಎತ್ತಿದ ಕೈ ಎತ್ತಿದಂತೆಯೇ ಕಿಟಕಿಯಲ್ಲಿ ಹಿಂದಕ್ಕೆ ಹೋಯಿತು, ಮುಖ ಕಾಣಲಿಲ್ಲ, ಗಂಡಸೋ ಹೆಂಗಸೋ ತಿಳಿಯಲಿಲ್ಲ, ಅಂಗೈಯಷ್ಟೇ ಕಂಡಿತು — ಶಂಕ್ರೆವ್ವ ಕುತ್ತಿಗೆ ತಿರುಗಿಸುವುದರೊಳಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ಅಡ್ಡ ಬಂತು, ಹಿಂದೆ ಎರಡು ಟ್ರೇಲರ್, ಮುಂದೆ ಎರಡು ಸ್ಪೀಕರ್, ಅದರ ಹಾಡಿಗೆ ಬಸ್ಸಿನ ಗಾಜು ನಡುಗಿತು, ಇವಳಿಗೆ ಮಾತ್ರ ಗೋಡೆಯಾಚೆ ಯಾರೋ ಗೊಣಗಿದಷ್ಟು. ಹೋಗಲಿ, ಹಿಂದಿನ ಬಸ್ಸಿಗೆ ಬಂದಾರು, ತನಗೇನು, ತಾನು ಹೊರಟದ್ದು ಜಮಖಂಡಿಗೆ, ದವಾಖಾನೆಗೆ, ತಾಯವ್ವನನ್ನು ನೋಡಲಿಕ್ಕೆ, ಲಕ್ವಾ ಹೊಡೆದು ಇವತ್ತಿಗೆ ನಾಲ್ಕನೆಯ ದಿನ, ಬಲಗೈ ಬಲಗಾಲು ಹೋಗಿವೆ, ಮಾತು ಹೋಗಿದೆ. ನೋಡಲಿಕ್ಕೆ ಎಂದು ಬನಹಟ್ಟಿಯ ಓಣಿಗೆಲ್ಲ ಹೇಳಿ ಬಂದದ್ದು ಹೌದು, ಖರೆ ಹೊರಟದ್ದು ತಾಯವ್ವನ ಮಗ ಹೊಳೆಪ್ಪನಿಗೆ ಒಂದು ಮಾತು ಹೇಳಲಿಕ್ಕೆ, ಒಂದೇ ಮಾತು, ಬೆಳಗಿನಿಂದ ಅದನ್ನೇ ಬಾಯಲ್ಲಿ ಹೊರಳಿಸುತ್ತಿದ್ದಾಳೆ, ತಮ್ಮಾ, ನಿಮ್ಮವ್ವ ನನ್ನ ಕರದಿದ್ಲು, ನಾ ತಿರುಗಿ ನೋಡಲಿಲ್ಲ, ಇಪ್ಪತ್ತೆರಡು ನಿಮಿಷ. ಇಷ್ಟೇ. ಎಣಿಸಿದರೆ ಹತ್ತು ಮಾತಿಲ್ಲ. ಕಂಡಕ್ಟರ್ ಬಂದು ತುಟಿ ಅಲ್ಲಾಡಿಸಿದ, ಎಲ್ಲಿಗ್ರೀ ಅಂದಿರಬೇಕು, ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷ ಕಳೆದವರು ಕಿವಿಗಿಂತ ಮೊದಲು ಕಣ್ಣಿನಿಂದ ಕೇಳುತ್ತಾರೆ, ಜಮಖಂಡಿ ಎಂದಳು, ಆಧಾರ್ ಕಾರ್ಡು ತೋರಿಸಿದಳು, ಅವನು ಸೊನ್ನೆಯ ಚೀಟಿ ಹರಿದುಕೊಟ್ಟು ಮುಂದೆ ಹೋದ.

ಚೀಲದಲ್ಲಿ ಫೋನು ನಡುಗಿತು, ಮಗಳಿರಬೇಕೆಂದು ತೆಗೆದಳು, ಮಗಳಲ್ಲ, ಅದೇ, ನಾಲ್ಕು ದಿನದಿಂದ ದಿನಕ್ಕೊಮ್ಮೆ ಬರುವುದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು, ನೀವು ಈ ಪುಸ್ತಕವನ್ನು ಪೂರ್ತಿ ಕೇಳಿದ್ದೀರಿ, ಅಭಿನಂದನೆಗಳು, ನಿಮಗೆ ಹೇಗನ್ನಿಸಿತು, ನಕ್ಷತ್ರ ಕೊಡಿ. ಕೆಳಗೆ ಐದು ಖಾಲಿ ನಕ್ಷತ್ರ. ಹೇಗನ್ನಿಸಿತಂತೆ, ಹೇಗನ್ನಿಸಬೇಕು, ಅದನ್ನು ತೆಗೆದುಹಾಕುವುದು ಹೇಗೆಂದು ಇವಳಿಗೆ ಗೊತ್ತಿಲ್ಲ, ಮನೀಷಾಳನ್ನೇ ಕೇಳಬೇಕು, ಕೇಳಿದರೆ ಯಾಕ ಬೇ ಅಂತಾಳೆ, ಮುಧೋಳದಲ್ಲಿ ಒಂದು ಸೊಸೈಟಿಯ ಕಂಪ್ಯೂಟರ್ ಮುಂದೆ ಕೂತು ದುಡಿಯುವ ಹುಡುಗಿ, ಹೊಸ ಫೋನು ಕೊಂಡಾಗ ಹಳೆಯದನ್ನು ತಾಯಿಯ ಕೈಗಿಟ್ಟವಳು, ಯವ್ವಾ, ನನಗ ಓದಾಕ ಬರೂದಿಲ್ಲ ಅಂತ ಕೊರಗತಿದ್ದೆಲ್ಲಾ, ಇದರಾಗ ಅವರ ಓದತಾರ, ನೀ ಸುಮ್ನ ಕಿವಿ ಕೊಡು. ಕಿವಿ ಕೊಟ್ಟಳು. ಮೊದಲ ದಿನ ವಯರಿನ ಗುಂಡಿ ಕಿವಿಗೆ ಸಿಕ್ಕಿಸಿ, ಮೇಲೆ ಸೆರಗು ಹೊದ್ದು ಮಗ್ಗ ಶುರು ಮಾಡಿದಳು, ಒಳಗಿನಿಂದ ಒಬ್ಬ ಗಂಡಸು, ಸಾವಕಾಶ, ಗಂಟಲು ಸರಿಮಾಡಿಕೊಂಡು, ಅಧ್ಯಾಯ ಒಂದು ಎಂದ, ಆಗ ಯಾಕೋ ಕಣ್ಣಲ್ಲಿ ನೀರು ಬಂತು. ನಲವತ್ತಾರು ವರ್ಷದ ಬದುಕಿನಲ್ಲಿ ಇವಳೊಬ್ಬಳಿಗೆ ಅಂತ ಯಾರೂ ಕೂತು ಏನನ್ನೂ ಓದಿರಲಿಲ್ಲ. ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರರು ಓದುತ್ತಿದ್ದರು, ಬಾವಿಗೆ ಬಿದ್ದ ಹುಡುಗಿಯ ಪಾಠ, ಹುಡುಗಿ ಹಗ್ಗ ಹಿಡಿದು ಅರ್ಧ ಮೇಲಕ್ಕೆ ಬಂದಿದ್ದಾಳೆ, ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತು ಶಂಕ್ರಿ ಬಾ ಅಂದ, ಕಂಡಿಕೆ ಸುತ್ತುವ ಹೆಣ್ಣು ಹಾಸಿಗೆ ಹಿಡಿದಿದ್ದಾಳೆ, ಇವತ್ತಿನಿಂದ ನೀನೇ ಅಂದ, ಪಾಟಿ ಎತ್ತಿಕೊಂಡು ಎದ್ದು ಬಂದವಳು ತಿರುಗಿ ಸಾಲೆಗೆ ಹೋಗಲಿಲ್ಲ, ಆ ಹುಡುಗಿ ಮೇಲೆ ಬಂದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಅರ್ಧಕ್ಕೆ ಎಬ್ಬಿಸಿದವರ ಹೊಟ್ಟೆಯ ಸಂಕಟ ಪೂರ್ತಿ ಉಂಡವರಿಗೆ ತಿಳಿಯುವುದಿಲ್ಲ.

ಶಿವಯೋಗೆಪ್ಪನ ಶೆಡ್ಡಿನಲ್ಲಿ ನಾಲ್ಕು ಪಾವರ್‌ಲೂಮು, ಎರಡಕ್ಕೆ ಶಂಕ್ರೆವ್ವ, ಎರಡಕ್ಕೆ ಸಾಬಣ್ಣ, ಇವಳ ಬೆನ್ನ ಹಿಂದಿನ ಮೂಲೆಯಲ್ಲಿ ಕಂಡಿಕೆ ಸುತ್ತುವ ಮಷಿನ್ನಿಗೆ ತಾಯವ್ವ, ಅರವತ್ತಮೂರು ವರ್ಷ, ಎಲೆ ಅಡಿಕೆಯ ಬಾಯಿ, ಗಟ್ಟಿ ಗುಂಡಿಗೆ. ಕಂಡಿಕೆ ಎಂದರೆ ಗೇಣುದ್ದದ ಕಡ್ಡಿ, ಅದಕ್ಕೆ ನೂಲು ಸುತ್ತಿ ಲಾಳಿಯ ಹೊಟ್ಟೆಗೆ ಇಟ್ಟರೆ ಲಾಳಿ ಆಚೆಗೊಮ್ಮೆ ಈಚೆಗೊಮ್ಮೆ ಓಡಿ ಬಟ್ಟೆ ನೇಯುತ್ತದೆ, ನೂಲು ತೀರಿದ ಖಾಲಿ ಕಡ್ಡಿ ಮತ್ತೆ ತಾಯವ್ವನ ಬುಟ್ಟಿಗೆ. ನಾಲ್ಕು ಮಗ್ಗ ಒಟ್ಟಿಗೆ ಕುಟ್ಟುವಾಗ ಕೂಗಿದರೆ ಕೂಗಿದವರ ಕಿವಿಗೇ ಕೇಳಿಸುವುದಿಲ್ಲ, ಅದಕ್ಕೆ ಅಲ್ಲಿ ಯಾರೂ ಕೂಗುವುದಿಲ್ಲ, ಬೇಕಾದವರ ಬೆನ್ನಿಗೆ ಒಂದು ಖಾಲಿ ಕಂಡಿಕೆ ಒಗೆಯುತ್ತಾರೆ, ನೋವಾಗದ ಹಾಗೆ, ತಾಗಿದವರು ತಿರುಗಿ ನೋಡುತ್ತಾರೆ, ನೋಡಿದ ಮೇಲೆ ಬರಿಯ ತುಟಿಯಲ್ಲಿ ಮಾತು, ಚಹಾ ಬಂತು, ಸಾವಕಾರ ಬಂದ, ಎಳಿ ಹರೀತು ನೋಡು. ತಾಯವ್ವನಷ್ಟು ಗುರಿಯವರು ಆ ಓಣಿಯಲ್ಲೇ ಇರಲಿಲ್ಲ, ಕೂತಲ್ಲಿಂದ ಏಳದೆ, ಬಲಗೈಯಲ್ಲಿ ಒಗೆದರೆ ಸರಿಯಾಗಿ ಬೆನ್ನ ನಡುವೆ, ಕುಪ್ಪಸದ ಗಂಟಿನ ಕೆಳಗೆ, ಒಮ್ಮೆಯೂ ತಪ್ಪಿದ್ದಿಲ್ಲ. ನಲವತ್ತು ವರ್ಷ ಆ ಗದ್ದಲದಲ್ಲಿ ಕೂತು ಅವಳ ಎರಡೂ ಕಿವಿ ಕಲ್ಲಾಗಿದ್ದವು. ಮೊದಲ ದಿನವೇ ಕೇಳಿದಳು, ಏನ್ ಸಿಗಿಸಿಕೊಂಡೀಯಲೇ ಶಂಕ್ರಿ ಕಿವ್ಯಾಗ, ಇವಳು ವಯರಿನ ಒಂದು ಗುಂಡಿ ತೆಗೆದು ಅವಳ ಕಿವಿಗಿಟ್ಟಳು, ಮುದುಕಿ ಕಣ್ಣು ಮುಚ್ಚಿ ಕುಂತಳು, ಆಮೇಲೆ ತೆಗೆದುಕೊಟ್ಟಳು, ಇರಿವಿ ಹರದಾಡಿದಂಗ ಆಕ್ಕೈತಿ, ಮಾತ ತಿಳಿಯೂದಿಲ್ಲ, ನೀನ ಕೇಳಿ ನನಗ ಹೇಳು. ಅಲ್ಲಿಂದ ಶುರುವಾದದ್ದು.

ಕರೆಂಟು ಹೋದಾಗ ಶೆಡ್ಡು ಒಮ್ಮೆಲೇ ಸತ್ತಂತಾಗುತ್ತದೆ, ಆ ಹೊತ್ತಿಗೆ ಇಬ್ಬರೂ ಬಾಗಿಲ ಬೆಳಕಿಗೆ ಎದುರುಬದುರು ಕೂರುತ್ತಿದ್ದರು, ಶಂಕ್ರೆವ್ವ ಕೇಳಿದ್ದನ್ನು ತುಟಿಯಲ್ಲಿ ಹೇಳುವುದು, ಧ್ವನಿ ಬೇಕಿಲ್ಲ, ತಾಯವ್ವ ಇವಳ ಬಾಯಿಂದ ಕಣ್ಣು ಕೀಳದೆ ನೋಡುವುದು, ಸಾಬಣ್ಣ ಬೀಡಿ ಹಚ್ಚಿ ನಗುವುದು, ಕಿವುಡರ ಮುಂದ ಕಿನ್ನರಿ ಬಾರಸಾಕತ್ತಾಳ ನೋಡ್ರಿ. ಪುಸ್ತಕದ ಹೆಸರು ಇವಳಿಗೆ ನೆಟ್ಟಗೆ ನೆನಪಿಲ್ಲ, ಅವರಿಬ್ಬರಿಗೂ ಅದು ಕಾಗದದ ಕಥೆ, ಕಮಲಾ ಎನ್ನುವವಳ ಗಂಡ ಹೇಳದೆ ಕೇಳದೆ ಊರು ಬಿಟ್ಟು ಹೋದ, ಹನ್ನೊಂದು ವರ್ಷದ ಮೇಲೆ ಅವನ ಕೈಬರಹದ ಕಾಗದ ಬಂತು, ಅವಳು ಒಡೆಯಲಿಲ್ಲ, ಅಕ್ಕಿಯ ಡಬ್ಬಿಯ ತಳದಲ್ಲಿಟ್ಟಳು, ಮೈದುನನಿಗೆ ಅದನ್ನು ಓದುವ ತವಕ, ಊರಿಗೆಲ್ಲ ತವಕ, ಮೂವತ್ತೊಂದು ಅಧ್ಯಾಯ, ಒಂಬತ್ತು ತಾಸು ನಲವತ್ತು ನಿಮಿಷ. ಓದುವವನು ಮೈಸೂರು ಕಡೆಯವನು, ನುಣ್ಣನೆಯ ಗಂಟಲು, ಆದರೆ ನಮ್ಮ ಕಡೆಯ ಮಾತು ಬಂದಲ್ಲಿ ಅವನ ನಾಲಿಗೆ ಎಡವುತ್ತಿತ್ತು, ಕಟಕ ರೊಟ್ಟಿಯನ್ನು ಏನೋ ಔಷಧದ ಹೆಸರಿನಂತೆ ಓದುತ್ತಿದ್ದ, ಜಗಳವಾಡುವ ಮೈದುನನ ಬಾಯಲ್ಲೂ ಅದೇ ಸಕ್ಕರೆ, ನಿನ್ನನ್ನು ಕೊಂದುಬಿಡುತ್ತೇನೆ ಎನ್ನುವುದನ್ನು ದಯವಿಟ್ಟು ಕುಳಿತುಕೊಳ್ಳಿ ಎನ್ನುವ ಹಾಗೆ, ಅದನ್ನೆಲ್ಲ ಶಂಕ್ರೆವ್ವ ತಿದ್ದಿ ಹೇಳಬೇಕಾಗುತ್ತಿತ್ತು. ಸಿಟ್ಟು ಬರಿಸುವುದೇನು ಕಡಿಮೆಯೇ, ಎಳೆ ಹರಿದು ಅದನ್ನು ಗಂಟು ಹಾಕುವುದರೊಳಗೆ ಇಲ್ಲಿ ಒಂದು ಮದುವೆ ಮುಗಿದಿರುತ್ತಿತ್ತು, ಎಣ್ಣೆಗೈ ಒರೆಸಿಕೊಂಡು ಹಿಂದಕ್ಕೆ ಒತ್ತಿದರೆ ಹತ್ತು ಸೆಕೆಂಡು ಹೋಗುವುದರ ಬದಲು ಹೋದ ವಾರಕ್ಕೆ ಹೋಗುತ್ತಿತ್ತು, ಗದ್ದಲಕ್ಕೆಂದು ಧ್ವನಿ ತುದಿಗೇರಿಸಿದರೆ ಕರೆಂಟು ಹೋದ ಕ್ಷಣ ಅವನು ಕಿವಿಯೊಳಗೆ ಬೊಬ್ಬೆ ಹೊಡೆಯುತ್ತಿದ್ದ, ಆಮೇಲೆ ತಾಸುಗಟ್ಟಲೆ ಕಿವಿಯಲ್ಲಿ ಗುಂಯ್, ಅಳುವಂಥ ಜಾಗದಲ್ಲಿ ಫೋನು ಸಟ್ಟನೆ ನಿಲ್ಲಿಸಿ ನೀವು ಇನ್ನೂ ಕೇಳುತ್ತಿದ್ದೀರಾ ಎಂದು ಕೇಳುತ್ತಿತ್ತು, ಕೇಳದೆ ಇನ್ನೇನು ಮಾಡಲೋ ಹಾಳಾದವನೇ, ಇಲ್ಲೇ ನಿಂತೀನಲ್ಲ.

ಅದರಲ್ಲೂ ಎಂಥ ಸುಖವಿತ್ತು. ಈಗ ಹೇಳಲಿಕ್ಕೂ ನಾಚಿಕೆ, ಸುಖವಿತ್ತು. ಕೇಳುವುದು ಅರ್ಧ ಸುಖ, ಹೇಳುವುದು ಇನ್ನರ್ಧ, ಕಮಲಾಗೆ ಇಳಕಲ್ ಸೀರೆ ಉಡಿಸಿದ್ದು ಇವಳು, ಅವಳ ಅಡಿಗೆಮನೆಯಲ್ಲಿ ಪುಂಡಿಪಲ್ಯ ಕುದಿಸಿದ್ದು ಇವಳು, ಆ ಮೈದುನನಿಗೆ ಒಂದಿಷ್ಟು ಬಿಸಿ ಮುಟ್ಟಸಲೇ, ಹಿಂಗ ಬಿಡಬ್ಯಾಡ ಅಂತ ತಾಯವ್ವ ಹಟ ಹಿಡಿದಾಗ ಹೋರಿಯಿಂದ ಹಾಯಿಸಿ ಅವನನ್ನು ಕೊಂದೇ ಹಾಕಿದಳು, ಎರಡು ದಿನದ ಮೇಲೆ ಕಥೆಯಲ್ಲಿ ಅವನು ಪಂಚಾಯಿತಿಗೆ ಬಂದು ಕೂತ, ಏನು ಮಾಡುವುದು, ಸತ್ತಿರಲಿಲ್ಲಬೇ, ಮೀರಜಿನ ದವಾಖಾನ್ಯಾಗ ಉಳದು ಬಂದಾನ ಎಂದು ಎಬ್ಬಿಸಿ ತಂದಳು, ತಾಯವ್ವ ಬಾಯಿ ಮುಚ್ಚಿಕೊಂಡು ಎಷ್ಟು ನಕ್ಕಳು, ಅಡಿಕೆ ಗಂಟಲಿಗೆ ಸಿಕ್ಕಿ ಸಾಯುವಷ್ಟು. ಕಮಲಾಳ ತಾಯಿ ಸತ್ತ ದಿನ ಇವಳು ಕಣ್ಣೊರೆಸಿಕೊಳ್ಳುವುದರಲ್ಲಿ ಹೊಕ್ಕಿನ ಎಳೆ ಹರಿದದ್ದು ಗೊತ್ತಾಗಲಿಲ್ಲ, ಹಸಿರು ಸೀರೆಯಲ್ಲಿ ಬೆರಳಗಲ ಬಿರುಕು ಉಳಿಯಿತು, ಶಿವಯೋಗೆಪ್ಪ ಬೈದ, ಆ ಸೀರೆ ಉಟ್ಟವರಿಗೆ ಅಲ್ಲೊಬ್ಬರು ಸತ್ತಿದ್ದಾರೆಂದು ಗೊತ್ತಾಗುವುದಿಲ್ಲ. ಕಡೆಕಡೆಗೆ ತಾಯವ್ವನಿಗೆ ತಾಳ್ಮೆ ಉಳಿಯಲಿಲ್ಲ, ಕರೆಂಟು ಹೋಗುವವರೆಗೂ ಕಾಯುವವಳಲ್ಲ, ಮಗ್ಗ ನಡೆದಿರುವಾಗಲೇ ಬೆನ್ನಿಗೆ ಕಂಡಿಕೆ, ತಿರುಗಿದರೆ ತುಟಿ, ಮುಂದೇನಾತು, ಐದು ನಿಮಿಷಕ್ಕೆ ಮತ್ತೊಂದು, ಕಾಗದ ಒಡದಳೇನು, ಮತ್ತೊಂದು, ಏನ ಬರದಿತ್ತ. ಮೊದಮೊದಲು ಪ್ರತಿ ಸಲ ತಿರುಗಿ ನೋಡುತ್ತಿದ್ದಳು. ಆಮೇಲೆ ತಿರುಗುವುದನ್ನು ಬಿಟ್ಟಳು, ತಿರುಗಿದರೆ ಇಲ್ಲಿ ಕಥೆ ಮುಂದೆ ಓಡುತ್ತದೆ, ಕಂಡಿಕೆ ತಾಗಿದ ಕೂಡಲೇ ಮುಖ ತಿರುಗಿಸದೆ ಎಡಗೈ ಹಿಂದಕ್ಕೆ ಎತ್ತಿ, ಐದೂ ಬೆರಳು ಅಗಲಿಸಿ, ತಡಿ ಎಂದು ತೋರಿಸುವುದು ರೂಢಿಯಾಯಿತು. ಮುದುಕಿ ಸುಮ್ಮನಾಗುತ್ತಿದ್ದಳು. ಎಷ್ಟು ಸಲ ತೋರಿಸಿದ್ದಾಳೋ ಲೆಕ್ಕವಿಲ್ಲ.

ಬಸ್ಸು ಗುಂಡಿಯಲ್ಲಿ ಇಳಿದು ಹತ್ತಿತು, ಮುಂದಿನ ಸೀಟಿನ ಹೆಂಗಸು ಹಿಂದೆ ತಿರುಗಿ ಏನೋ ಅಂದಳು, ನಕ್ಕಳು, ಇವಳೂ ನಕ್ಕಳು, ಏನೆಂದು ತಿಳಿಯದೆ. ಅವತ್ತೂ ನಕ್ಕಿದ್ದಳು. ಅದೇ ಹೋಗಲೊಲ್ಲದು, ತಾನು ನಕ್ಕದ್ದು. ಹೊತ್ತು ಒಂದು ದಾಟಿತ್ತು, ಸಾಬಣ್ಣ ಮಗ್ಗ ನಿಲ್ಲಿಸಿ ಊಟಕ್ಕೆ ಮನೆಗೆ ಹೋದ, ಇವಳ ಎರಡು ಮಗ್ಗ, ಹಿಂದೆ ತಾಯವ್ವನ ಮಷಿನ್ನು, ಕಡೆಯ ಅಧ್ಯಾಯ, ಫೋನು ಇಪ್ಪತ್ತೆರಡು ನಿಮಿಷ ಎಂದು ತೋರಿಸಿತು, ಶುರು ಮಾಡುವ ಮುನ್ನ ತಿರುಗಿ ತಾಯವ್ವನಿಗೆ ತುಟಿಯಲ್ಲಿ ಹೇಳಿದಳು, ಇವತ್ತ ಮುಗೀತೈತಿ ಯವ್ವಾ, ಮುದುಕಿಯ ಮುಖ ಅರಳಿತು, ಹೂಂ ಕೇಳ ಕೇಳ, ಲಗೂನ ಹೇಳು. ಅದೇ ಅವಳ ಕಡೆಯ ಮಾತು. ಕಮಲಾ ಡಬ್ಬಿಯ ಅಕ್ಕಿಯನ್ನೆಲ್ಲ ಮೊರಕ್ಕೆ ಸುರಿದು ಕಾಗದ ತೆಗೆದಳು, ಮೆಟ್ಟಿಲ ಮೇಲೆ ಕೂತಳು, ಅಂಚಿಗೆ ಉಗುರು ಹಾಕಿದಳು, ಅಷ್ಟರಲ್ಲಿ ಹಿಮ್ಮಡಿಗೆ ಏನೋ ಬಡಿಯಿತು, ಕಂಡಿಕೆ, ಬೆನ್ನಿಗಲ್ಲ, ಹಿಮ್ಮಡಿಗೆ, ತಾಗಿ ಉರುಳಿ ಮಗ್ಗದ ಕಾಲಿಗೆ ಹೋಗಿ ನಿಂತಿತು. ಮುದುಕಿ ಗುರಿ ತಪ್ಪಿತು ನೋಡು, ವಯಸ್ಸಾತು, ಅಂದುಕೊಂಡು ನಕ್ಕಳು. ನಕ್ಕು, ತಿರುಗದೆ, ಕೈ ಎತ್ತಿದಳು. ತಡಿ. ತಾಯವ್ವನ ಗುರಿ ತಪ್ಪುವುದಿಲ್ಲ, ಅದು ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಬಲಗೈ ಇದ್ದಿದ್ದರೆ ತಪ್ಪುತ್ತಿರಲಿಲ್ಲ, ಅದು ಎಡಗೈ ಒಗೆದದ್ದು, ಅಷ್ಟು ತಿಳಿಯಲಿಲ್ಲವೇ ನಿನಗೆ, ತಿಳಿಯಿತು, ತಪ್ಪಿದ್ದು ತಿಳಿಯಿತು, ಯಾಕೆ ಎಂದು ಕೇಳಿಕೊಳ್ಳಲಿಲ್ಲ, ಕಾಗದ ಇತ್ತಲ್ಲ, ಕಾಗದದ ಅಂಚಿಗೆ ಉಗುರಿತ್ತಲ್ಲ. ಇನ್ನೊಮ್ಮೆ ಕೈ ಎತ್ತಿದ್ದೂ ನೆನಪಿದೆ, ಯಾವ ಕಂಡಿಕೆಯೂ ತಾಗದಿದ್ದರೂ, ಸುಮ್ಮನೆ, ಬಂತು ಬಂತು, ಇನ್ನೇನು ಆತು ಎನ್ನುವ ಹಾಗೆ, ಖುಷಿಗೆ.

ಕಮಲಾ ಕಾಗದ ಒಡೆಯಲಿಲ್ಲ. ಇಪ್ಪತ್ತೆರಡು ನಿಮಿಷ ಆ ಮೆಟ್ಟಿಲ ಮೇಲೆ ಕೂತು, ಮಳೆ ನೋಡಿ, ಗಂಡನನ್ನು ನೆನೆದು, ಎದ್ದು ಒಳಗೆ ಹೋಗಿ ಕಾಗದವನ್ನು ಒಲೆಗೆ ಹಾಕಿದಳು, ಸಾರು ಕುದಿಯಿತು ಎಂದ ಆ ಮೈಸೂರಿನವನು, ಸಮಾಪ್ತಿ ಎಂದ, ಪಿಟೀಲು ಬಂತು. ಇವಳು ಫೋನನ್ನು ಬಡಿಯುವುದೊಂದು ಬಾಕಿ, ಇದಕ್ಕ ಕಾದ್ನೇನು, ಮೂವತ್ತೊಂದು ಅಧ್ಯಾಯ ಇದಕ್ಕ ಕೇಳಿದ್ನೇನು, ಯವ್ವಾ, ನೋಡಬೇ ಈ ಹಾಟ್ಯಾನ ಮಕ್ಕಳು ಏನ್ ಮಾಡ್ಯಾರ ಎಂದು ತುಟಿಯಲ್ಲಿ ಅನ್ನುತ್ತಲೇ ತಿರುಗಿದಳು. ತಾಯವ್ವ ಬುಟ್ಟಿಯ ಮೇಲೆ ಬಲಕ್ಕೆ ವಾಲಿದ್ದಳು, ಬಾಯಿ ಒಂದು ಕಡೆಗೆ ಜಗ್ಗಿತ್ತು, ಕಣ್ಣು ತೆರೆದೇ ಇದ್ದವು, ಇವಳ ಕಡೆಗೇ, ಕಣ್ಣು ಯಾವಾಗಿನಿಂದ ಇವಳ ಬೆನ್ನಿನ ಮೇಲಿದ್ದವೋ. ಮಷಿನ್ನು ಮಾತ್ರ ತಿರುಗುತ್ತಲೇ ಇತ್ತು, ಕಂಡಿಕೆ ತುಂಬಿ, ತುಂಬಿದ ಮೇಲೂ ಸುತ್ತಿ, ನೂಲು ಜಾರಿ ಕೆಳಗೆ ಗುಪ್ಪೆ ಬಿದ್ದಿತ್ತು, ಮೊಣಕಾಲೆತ್ತರ, ಹಸಿರು ನೂಲು. ಊಟ ಮುಗಿಸಿ ಬಾಗಿಲಿಗೆ ಬಂದ ಸಾಬಣ್ಣ ಓಡಿ ಬಂದು ಮೊದಲು ತಾಯವ್ವನನ್ನು ಹಿಡಿದ, ಆಮೇಲೆ ಮಷಿನ್ನು ನಿಲ್ಲಿಸಿದ, ನಿಲ್ಲಿಸಿ ಆ ಗುಪ್ಪೆಯನ್ನು ನೋಡಿದ, ಒಂದು ಕಂಡಿಕೆ ತುಂಬಲಿಕ್ಕೆ ಎಷ್ಟು ಹೊತ್ತು ಬೇಕೆಂದು ಆ ಓಣಿಯ ಕೂಸಿಗೂ ಗೊತ್ತು, ಗುಪ್ಪೆ ನೋಡಿದ, ಇವಳ ಕಿವಿಯಿಂದ ಜೋತ ವಯರು ನೋಡಿದ, ನೂಲು ಹರಿದು ಗುಪ್ಪೆಯನ್ನು ಕಾಲಿನಿಂದ ಮೂಲೆಗೆ ತಳ್ಳಿದ. ತಾಯವ್ವನ ಎಡಗೈ ಮುಷ್ಟಿಯಲ್ಲಿ ಇನ್ನೊಂದು ಖಾಲಿ ಕಂಡಿಕೆಯಿತ್ತು, ಒಂದೊಂದೇ ಬೆರಳು ಬಿಡಿಸಿ ಅವನೇ ತೆಗೆದ. ಅವತ್ತಿನಿಂದ ಸಾಬಣ್ಣ ಇವಳಿಗೆ ಕಂಡಿಕೆ ಒಗೆಯುವುದಿಲ್ಲ, ಏನಾದರೂ ಬೇಕಾದರೆ ಎದ್ದು ಬಂದು ಎದುರಿಗೆ ನಿಲ್ಲುತ್ತಾನೆ.

ದವಾಖಾನೆಯಲ್ಲಿ ಡಾಕ್ಟರರು ಕೇಳಿದರು, ಎಷ್ಟೊತ್ತಿಗೆ ಆತು, ಸರಿಯಾಗಿ ಹೇಳ್ರಿ, ಇದಕ್ಕ ಒಂದೊಂದು ನಿಮಿಷನೂ ಮುಖ್ಯ, ಎಲ್ಲರೂ ಇವಳ ಕಡೆ ನೋಡಿದರು, ಒಂದೂವರಿಗ್ರಿ, ಬಿದ್ದ ಕೂಡ್ಲೆ ನೋಡಿದ್ನಿರಿ ಎಂದಳು, ಬಾಯಿಗೆ ಅದೇ ಬಂತು, ಅವರು ಬರೆದುಕೊಂಡರು. ಸಂಜೆ ಹೊರಗೆ ಬಂದು ಹೊಳೆಪ್ಪನಿಗೆ ಹೇಳಿದರು, ಜೀವಕ್ಕ ಭಯ ಇಲ್ಲ, ಬಲಗಡೆ ಹೋಗೈತಿ, ಒಂದಿಷ್ಟು ಮದಲ ಬಂದಿದ್ರ ಮಾತಾದ್ರೂ ಉಳೀತಿತ್ತೇನೋ, ಹೇಳಾಕ ಬರೂದಿಲ್ಲ. ಹೇಳಾಕ ಬರೂದಿಲ್ಲ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎನ್ನುತ್ತಾರೆ, ಇಲ್ಲಿ ದೊಣ್ಣೆಗೆ ಇಪ್ಪತ್ತೆರಡು ನಿಮಿಷ ಸಿಕ್ಕಿತ್ತು. ಮರುದಿನ ಶೆಡ್ಡು ಕಸ ಹೊಡೆಯಲು ಹೋದಳು, ತಾನೇ ಹೋದಳು, ಮಗ್ಗದ ಕಾಲ ಬಳಿ ಒಂದು ಕಂಡಿಕೆ, ಹಿಮ್ಮಡಿಗೆ ತಾಗಿದ್ದು, ಅಲ್ಲಿಂದ ಎರಡು ಮಾರು ಹಿಂದೆ ಇನ್ನೊಂದು, ಇವಳವರೆಗೆ ಬಾರದೆ ಬಿದ್ದದ್ದು, ಬುಟ್ಟಿಯ ಮಗ್ಗುಲಲ್ಲೇ ಮತ್ತೊಂದು, ಕೈಯಿಂದ ಬರಿಯ ಜಾರಿದ್ದು, ನಾಲ್ಕನೆಯದು ಮುಷ್ಟಿಯಲ್ಲೇ ಉಳಿದದ್ದು. ಪುಸ್ತಕ ಓದಲು ಬಾರದಿದ್ದರೇನು, ಇದನ್ನು ಓದಲು ಬಂತು, ಶಕ್ತಿ ಹೇಗೆ ಹೇಗೆ ಹೋಯಿತೆಂದು ನೆಲದ ಮೇಲೆ ಬರೆದಿಟ್ಟ ಹಾಗಿತ್ತು, ಕಸಬರಿಗೆ ಹಿಡಿದು ನಿಂತೇ ಓದಿದಳು. ಆಮೇಲೆ ಮೂರನ್ನೂ ಆಯ್ದು ಬುಟ್ಟಿಗೆ ಹಾಕಿದಳು.

ಜಮಖಂಡಿ ಬಂತು, ಇಳಿದಳು, ಬಿಸಿಲು, ಸ್ಟ್ಯಾಂಡಿನ ಹೊರಗೆ ನಾಲ್ಕು ಬಾಳೆಹಣ್ಣು ಕೊಂಡಳು, ತಾಯವ್ವನಿಗೆ ನುಂಗಲಿಕ್ಕೆ ಬರುವುದಿಲ್ಲ ಎಂದು ಕೊಂಡ ಮೇಲೆ ನೆನಪಾಯಿತು, ಇರಲಿ, ತಮ್ಮಾ, ನಿಮ್ಮವ್ವ ನನ್ನ ಕರದಿದ್ಲು, ಇಲ್ಲ, ಮೊದಲು ಕುಂದರ್ರಿ ಅನ್ನಬೇಕು, ನಿಂತು ಕೇಳುವ ಮಾತಲ್ಲ. ಮತ್ತೆ ಆ ಕಾಗದ. ಹಾದಿಯುದ್ದಕ್ಕೂ ಅದೊಂದು ಬೇರೆ ಕಾಡುತ್ತಿದೆ, ತಾಯವ್ವ ಅದಕ್ಕಾಗಿ ಕಾದಿರುತ್ತಾಳೆ, ಅವಳ ನೋಟವೇ ಹಾಗೆ ಕೇಳುತ್ತದೆ, ಸುಟ್ಲಬೇ, ಒಡೀಲಿಲ್ಲ ಎಂದು ಆ ಮುಖಕ್ಕೆ ಹೇಳುವುದು ಹೇಗೆ, ಏನಾದರೂ ಬರೆಯಬೇಕು ಅದರಲ್ಲಿ, ನಾ ಬರತೇನಿ ಅಂತ ಬರೆಯಲೇ, ನನ್ನದು ತಪ್ಪಾತು ಅಂತ ಬರೆಯಲೇ, ನೀ ಕರದದ್ದು ಕೇಳಿಸಿತ್ತು ಅಂತ ಬರೆಯಲೇ. ದವಾಖಾನೆಯ ಮೆಟ್ಟಿಲ ಮೇಲೆ ಹೊಳೆಪ್ಪ ಸಿಕ್ಕ, ಬೀಳಗಿಯಲ್ಲಿ ಸರಕಾರಿ ನೌಕರಿ, ರಜೆ ಹಾಕಿ ಬಂದಿದ್ದಾನೆ, ನಿದ್ದೆಗೆಟ್ಟ ಕಣ್ಣು, ಇವಳನ್ನು ಕಂಡ ಕೂಡಲೇ ಎರಡೂ ಕೈ ಹಿಡಿದ, ಅಕ್ಕಾರ, ನಿಮ್ಮ ಉಪಕಾರ ಈ ಜನ್ಮದಾಗ ತೀರೂದಿಲ್ರಿ, ನೀವು ಇದ್ದಿರಿ, ತಟ್ಟನ ನೋಡಿದಿರಿ ಅಂತ ನಮ್ಮವ್ವ ಉಳದ್ಲು. ತಮ್ಮಾ, ಎಂದಳು. ಹೇಳ್ರಿ ಅಕ್ಕಾರ, ಎಂದ, ತುಟಿ ನೆಟ್ಟಗೆ ಕಂಡಿತು, ಕಣ್ಣೂ ಕಂಡವು, ಆ ಕಣ್ಣಲ್ಲಿ ಇವಳ ಬಗ್ಗೆ ಎಷ್ಟು ನಂಬಿಕೆಯಿತ್ತೆಂದರೆ ಶಂಕ್ರೆವ್ವನ ನಾಲಿಗೆ ಹೊರಳಿತು, ಊಟ ಮಾಡೀರಿಲ್ಲೋ, ಎಂದಳು. ಬಾಳೆಹಣ್ಣು ಅವನ ಕೈಗೆ ಕೊಟ್ಟಳು.

ಒಳಗೆ ಆರು ಹಾಸಿಗೆ, ಕಿಟಕಿಯ ಬಳಿಯದು ತಾಯವ್ವನದು, ಸೊಸೆ ಕಾವೇರಿ ಸ್ಟೂಲು ಬಿಟ್ಟು ಎದ್ದಳು, ಬರ್ರಿ ಅಕ್ಕಾರ, ಕುಂದರ್ರಿ, ಇವತ್ತ ಅರಾಮ ಅದಾರ, ಎಡಗೈ ಛಲೋ ಆಡಸ್ತಾರ್ರಿ, ಯಾರ ಬರಲಿ, ಮುಖ ನೋಡಿ ಕೈ ಎತ್ತಿ ಆಶೀರ್ವಾದ ಮಾಡತಾರ, ಆಚೀ ಹಾಸಿಗೀಯವರೂ ಬಂದು ತಲಿ ಬಾಗಿಸಿ ಹೋದ್ರು, ದೇವರಂಥಾ ಮುದುಕಿ ಅಂದ್ರು. ಕೈ ಹೇಗೆ ಎತ್ತುತ್ತಾರೆ ಎಂದು ಶಂಕ್ರೆವ್ವ ಕೇಳಲಿಲ್ಲ, ಕೇಳಬೇಕಿತ್ತು, ಕೇಳಿದ್ದರೆ ಅಲ್ಲಿಂದಲೇ ಓಡಿಹೋಗುತ್ತಿದ್ದಳು. ಸ್ಟೂಲಿನ ಮೇಲೆ ಕೂತಳು, ಶೆಡ್ಡಿನ ಬಾಗಿಲ ಬೆಳಕಿಗೆ ಕೂರುತ್ತಿದ್ದ ಹಾಗೆಯೇ, ಮುಖಕ್ಕೆ ಮುಖ, ಕಿಟಕಿಯ ಬೆಳಕು ತನ್ನ ಬಾಯಿಯ ಮೇಲೆ ಬೀಳುವಂತೆ, ತಾಯವ್ವನ ಕಣ್ಣು ಹೊರಳಿದವು, ಬಂದವು, ಇವಳ ತುಟಿಯ ಮೇಲೆ ನಿಂತವು, ಕಲ್ಲಾದ ಕಿವಿ, ಹೋದ ಬಾಯಿ, ಕಣ್ಣು ಮಾತ್ರ ಹಳೆಯ ತಾಯವ್ವ. ಕಾವೇರಿಗೆ ಕೇಳಿಸುವ ಭಯವಿಲ್ಲ, ಇಲ್ಲಿ ಧ್ವನಿ ಬೇಕಿಲ್ಲ, ಇವರಿಬ್ಬರ ಮಾತು ಯಾರಿಗೂ ಕೇಳಿಸದು, ಇದೇ ಹೊತ್ತು, ಹೇಳು, ಯವ್ವಾ, ನಿನ್ನ ಕಂಡಿಕಿ ನನಗ ಹತ್ತಿತ್ತು, ಹೇಳು, ಹಿಮ್ಮಡಿಗೆ ಹತ್ತಿತ್ತು, ನಾ ನಕ್ಕಿದ್ನಿ, ಹೇಳು, ತುಟಿ ತೆರೆದಳು, ತೆರೆದ ತುಟಿ ಅಲ್ಲಾಡಿತು, ಅಲ್ಲಾಡಿದ್ದು ಬೇರೆಯದೇ ಮಾತಿಗೆ, ಆ ಕಾಗದದಾಗ ಬೇ, ಆ ಕಾಗದದಾಗ ಏನಿತ್ತಪಾ ಅಂದ್ರ — ಹಾಸಿಗೆಯ ಮೇಲೆ ಎಡಗೈ ಕದಲಿತು, ಸೂಜಿ ಚುಚ್ಚಿ ಪಟ್ಟಿ ಹಾಕಿದ ಕೈ, ಮೊಣಕೈ ಊರಿ ಮೇಲಕ್ಕೆ ಬಂತು, ನೋಡ್ರಿ ನೋಡ್ರಿ, ನಿಮಗೂ ಆಶೀರ್ವಾದ, ಕಾವೇರಿ ನಗುತ್ತಿದ್ದಾಳೆ, ತಲಿ ಬಾಗಸ್ರಿ ಅಕ್ಕಾರ, ಕೈ ಇವಳ ತಲೆಯ ಕಡೆಗೆ ಬರುವುದಿಲ್ಲ, ಇವಳ ಬಾಯಿಗೂ ಆ ಕಣ್ಣಿಗೂ ನಡುವೆ ಬಂದು ನಿಲ್ಲುತ್ತದೆ, ಇದು ಯಾರ ಕೈ, ಇದು ತನ್ನದೇ ಕೈ, ಬೆನ್ನ ಹಿಂದೆ ತಾನು ಎತ್ತುತ್ತಿದ್ದದ್ದು, ತಾನು ಒಮ್ಮೆಯೂ ನೋಡಿರದಿದ್ದದ್ದು, ತಾಯವ್ವ ಬಿದ್ದಲ್ಲಿಂದ ನೋಡುತ್ತ ಇದ್ದದ್ದು, ಅಂಗೈ ಇವಳ ಕಡೆಗೆ, ಐದೂ ಬೆರಳು ಅಗಲವಾಗಿ, ಇಳಿಯುವುದಿಲ್ಲ, ತಡಿ, ಇಳಿಯುವುದಿಲ್ಲ, ತಡಿ —